ಮನೆಯ ಹೆಣ್ಣು ಮನೆಗೇ

ದೊಡ್ಡನೆಕ್ಕುಂದಿ
14-11-1984, ಬುಧವಾರ

ಮಗಳು ವಸಂತಳಿಗೆ,

ದೊಡ್ಡನೆಕ್ಕುಂದಿಯ ಪಟೇಲ್ ಚಿಕ್ಕಬೈರಪ್ಪನವರ ಹೆಂಡತಿ, ಹೊಸಕೋಟೆ ಕಡೆಯ ಯಜಮಾನ್ ನರಸಪ್ಪನವರ ಹಿರಿಯ ಮಗಳು, ನಿನ್ನ ಹೆತ್ತ ತಾಯಿ ಅಶ್ವತ್ಥಮ್ಮ ಬರೆಯುತ್ತಿರುವುದು. ನಾಲ್ಕು ವರ್ಷದಿಂದ ನನ್ನ ಮುಖ ನೋಡದವಳಿಗೆ ಬರೆಯುವಾಗ ನಾನು ಯಾರೆಂದು ಹೇಳಿಕೊಂಡೇ ಶುರು ಮಾಡುವುದು ಒಳ್ಳೆಯದು. ಈ ಊರಿಗೆ ಹೈಸ್ಕೂಲು ಓದಿ ಬಂದ ಮೊದಲ ಸೊಸೆ ನಾನು. ನಿಮ್ಮ ಅಪ್ಪ ಇದ್ದಾಗಲೇ ಪಟೇಲಿಕೆ ಹೋಯಿತು, ಅವರು ಹೋದ ಮೇಲೆ ಹೊಲದಲ್ಲಿ ಮುಕ್ಕಾಲು ಪಾಲು ಕಾರ್ಖಾನೆಗಳಿಗೆ ಹೋಯಿತು. ಆದರೂ ಗಂಡ ಹೆಂಡಿರ ಜಗಳವಾಗಲಿ, ಅಣ್ಣ ತಮ್ಮಂದಿರ ಪಾಲಾಗಲಿ, ಊರಿನ ಜನ ಈಗಲೂ ಮೊದಲು ನನ್ನ ಜಗಲಿಗೇ ಬರುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಬರೆಯುವುದನ್ನು ಯಾವಳೋ ಮುದುಕಿ ಸೋತು ಬರೆದಳೆಂದು ನೀನು ಓದಿಕೊಳ್ಳಬಾರದು, ಅದಕ್ಕೆ.

ನಿನ್ನ ಸೊಂಟನೋವು ಹೇಗಿದೆ? ರೇಷ್ಮೆಹುಳು ಸಾಕುವ ಮನೆಯಲ್ಲಿ ಹೆಂಗಸಿಗೆ ನಿದ್ದೆ ಇರುವುದಿಲ್ಲ ಎಂದು ಕೇಳಿದ್ದೇನೆ. ಸೊಪ್ಪಿನ ತಟ್ಟೆಗಳನ್ನು ಬಗ್ಗಿ ಬಗ್ಗಿ ಎತ್ತಬೇಡ, ಅಳಿಯಂದಿರಿಗೆ ಹೇಳಿ ಆಳು ಇಟ್ಟುಕೋ. ಈ ಸಲದ ಹುಳು ಹಣ್ಣಾಗಿ ಗೂಡು ಕಟ್ಟಿದವೇ? ಗೂಡಿಗೆ ಒಳ್ಳೆಯ ಬೆಲೆ ಬಂತೇ? ಅಳಿಯಂದಿರು ಬೀಡಿ ಬಿಟ್ಟರೋ ಇಲ್ಲವೋ? ಅನುಸೂಯ ಇನ್ನೂ ಮೊದಲಿನ ಹಾಗೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಸಾರು ಬೇಡ ಅನ್ನುತ್ತಾಳೋ? ಹದಿನೆಂಟು ತುಂಬಿರಬೇಕು. ಅವಳ ಮುಖ ನನಗೆ ನೆನಪಿರುವುದು ಹದಿನಾಲ್ಕರದ್ದೇ. ಈಗ ಹೇಗಿದ್ದಾಳೆಂದು ಊಹಿಸಲು ಕೂತರೆ ಕೊನೆಗೆ ನಿನ್ನ ಮುಖವೇ ಬಂದು ನಿಲ್ಲುತ್ತದೆ.

ನಾನು ಆರೋಗ್ಯವಾಗಿದ್ದೇನೆ. ಕಣ್ಣು ಮಾತ್ರ ಸ್ವಲ್ಪ ಮಂಜು. ನಲ್ಲಪ್ಪ ಚೆನ್ನಾಗಿದ್ದಾನೆ. ನಿನ್ನ ದೊಡ್ಡ ತಮ್ಮನ ಹೆಸರು ಈ ಕಾಗದದಲ್ಲಿ ಮತ್ತೆ ಮತ್ತೆ ಬರುತ್ತದೆ, ಬೇಸರಪಟ್ಟುಕೊಳ್ಳದೆ ಓದು. ಉಳಿದಿರುವ ತುಂಡು ಹೊಲದಲ್ಲಿ ಅವನು ಹಾಕಿದ ರಾಗಿ ತೆನೆ ಕಟ್ಟಿದೆ. ಚಿಕ್ಕವನು ಶ್ಯಾಮಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು. ಹೀಗೆ ನಮ್ಮ ಮನೆಯಲ್ಲಿ ನಾನು ಮಾತಾಡಿದರೆ ಕೇಳುವ ಕಿವಿ ಇರುವುದು ಒಂದೇ ಜೊತೆ, ಅದೂ ಶಿಫ್ಟಿಗೆ ಹೋಗುತ್ತದೆ. ಜಗಲಿಗೆ ಬರುವ ಜನ ತಮ್ಮ ಮಾತು ಹೇಳಲು ಬರುತ್ತಾರೆ, ನನ್ನ ಮಾತು ಕೇಳಲು ಅಲ್ಲ. ತೀರ್ಪು ಸಿಕ್ಕಿದ ಕೂಡಲೇ ಎದ್ದು ಹೋಗುತ್ತಾರೆ. ಮಧ್ಯಾಹ್ನ ಒಬ್ಬಳೇ ಮುದ್ದೆ ಉಣ್ಣುವಾಗ ಬೆಕ್ಕಿಗೆ ಊರಿನ ಸುದ್ದಿ ಹೇಳುವ ಅಭ್ಯಾಸವಾಗಿದೆ. ಬೆಕ್ಕು ಚೆನ್ನಾಗಿಯೇ ಕೇಳುತ್ತದೆ, ಮೀನು ಇದ್ದ ದಿನ ಮಾತ್ರ.

ಇನ್ನು ವಿಷಯಕ್ಕೆ ಬರುತ್ತೇನೆ. ಅನುಸೂಯಳ ಒಸಗೆಯ ದಿನ ನಿಮ್ಮ ಅಂಗಳದಲ್ಲಿ ಆದದ್ದನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಹುಡುಗಿ ದೊಡ್ಡವಳಾದರೆ ಸೋದರಮಾವಂದಿರು ಹಸಿ ಸೊಪ್ಪಿನ ಗುಡ್ಲು ಹಾಕಿ ಅವಳನ್ನು ಕೂರಿಸುವುದು ನಮ್ಮ ಪದ್ಧತಿ. ಮರ ಹತ್ತಿ ಅತ್ತಿ ಸೊಪ್ಪು ಕಡಿದವನು ನಲ್ಲಪ್ಪ, ಗುಡ್ಲು ಕಟ್ಟಿದವನು ಶ್ಯಾಮಣ್ಣ. ಆರತಿಗೆ ಹೆಂಗಸರೆಲ್ಲ ಸೇರಿದ್ದಾಗ ನಾನು ಶ್ಯಾಮಣ್ಣನ ಕಡೆ ನೋಡಿ ಹೇಳಿದೆ: "ಗುಡ್ಲು ಹಾಕಿದ ಕೈಯೇ ತಾಳಿ ಕಟ್ಟೋದು. ನಮ್ಮ ಮನೆ ಹೆಣ್ಣು ನಮ್ಮ ಮನೆಗೇ." ಹೊಸ ಮಾತೇನೂ ಅಲ್ಲ. ನನ್ನ ತಾಯಿ ನನ್ನನ್ನು ತನ್ನ ತವರಿಗೆ, ತನ್ನ ಸ್ವಂತ ತಮ್ಮನಿಗೇ ಕೊಟ್ಟಳು. ನಿಮ್ಮ ಅಪ್ಪನನ್ನು ನಾನು ಏಳು ವರ್ಷದವಳಾಗಿದ್ದಾಗ ಮಾವ ಎಂದು ಕೂಗಿದವಳು, ಮದುವೆಯಾದ ಮೇಲೂ ಬಾಯಿತಪ್ಪಿ ಮಾವ ಎಂದವಳು. ಅಲ್ಲಿದ್ದವರೆಲ್ಲ ಸರಿ ಸರಿ ಎಂದರು. ನೀನು ಆರತಿ ತಟ್ಟೆಯನ್ನು ಕೆಳಗಿಟ್ಟು ಹೇಳಿದೆ: "ಬೇಡ ಕಣಮ್ಮ. ನೀನು ಸೋದರಮಾವನ್ನ ಕಟ್ಕೊಂಡೆ, ಅದರ ಫಲ ಅಲ್ಲಿ ನಿಂತಿದೆ ನೋಡು. ಇನ್ನೊಂದು ಅಂಥದ್ದು ಬೇಕಾ ನಿಂಗೆ?" ಹೇಳಿ, ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ನಲ್ಲಪ್ಪನ ಕಡೆ ಕೈ ತೋರಿಸಿದೆ.

ನಾನು ಬಿಡಲಿಲ್ಲ. "ಅದೇ ಹೊಟ್ಟೇಲಿ ಹುಟ್ಟಿದ ನಿಂಗೆ ಕಿವಿ ನೆಟ್ಟಗಿದೆಯಲ್ಲ? ನಾಲಿಗೆಯಂತೂ ಬೇಕಾದ್ದಕ್ಕಿಂತ ನೆಟ್ಟಗಿದೆ" ಎಂದೆ. ಅದಕ್ಕೆ ನೀನು ಒಂದು ಉಸಿರೂ ತಡೆಯದೆ, "ಬಾವಿಗೆ ಬಿದ್ದ ಮೂವರಲ್ಲಿ ಇಬ್ರು ಈಜಿ ಮೇಲೆ ಬಂದ್ರೆ ಬಾವಿ ಆಳ ಇಲ್ಲ ಅಂತಾನಾ ಅಮ್ಮ?" ಎಂದೆ. ನಾನು ಎಲೆಯ ಮುಂದೆ ಕೂತವಳು ಊಟ ಮಾಡದೆ ಎದ್ದೆ, ಮಕ್ಕಳಿಬ್ಬರನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ನಿನ್ನ ಕೋಪ ನಿನಗೆ, ನನ್ನ ಕೋಪ ನನಗೆ. ಯುಗಾದಿ ಬಂತು, ಗೌರಿ ಬಂದಳು. ಬಾಗಿನಕ್ಕೂ ನಾನು ಕರೆಯಲಿಲ್ಲ, ನೀನೂ ಬರಲಿಲ್ಲ.

ನಿನ್ನ ಮಾತಿಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಉತ್ತರ ಇಲ್ಲದ್ದಕ್ಕೆ ನಾನು ಎದ್ದು ಬರಲಿಲ್ಲ. ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದಕ್ಕೆ ಬಂದೆ. ನೀನು ನನ್ನ ತಂದೆಯನ್ನು ಹೆಚ್ಚು ನೋಡಿಲ್ಲ, ನಿನಗೆ ಮೂರು ವರ್ಷವಾದಾಗ ಅವರು ತೀರಿಕೊಂಡರು. ಆದರೆ ಅವರು ಪಂಚಾಯ್ತಿಯಲ್ಲಿ ಹೀಗೆಯೇ ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಕೂಗದೆ, ಒಂದು ಪ್ರಶ್ನೆ ಹಾಕಿ ಸುಮ್ಮನಾಗುತ್ತಿದ್ದರು. ಯಾರೂ ಹೇಳಿಕೊಡದೆ ಅದೇ ಕತ್ತು, ಅದೇ ಪ್ರಶ್ನೆ ನಿನಗೆ ಬಂದಿದೆ. ನನಗೂ ಬಂದಿದೆ ಎಂದು ಊರು ಹೇಳುತ್ತದೆ. ನನ್ನ ಮೇಲೇ ತಿರುಗಿಸಲು ನನ್ನದೇ ಹೊಟ್ಟೆಯಿಂದ ಆಯುಧ ತೆಗೆದುಕೊಂಡು ಹೋದೆಯಲ್ಲ, ಅದು ನನಗೆ ಸಹಿಸಲಾಗಲಿಲ್ಲ.

ಹೋದ ತಿಂಗಳು ಒಂದು ಘಟನೆ ನಡೆಯಿತು. ನಮ್ಮ ಕೆಂದ ಹಸುವಿನ ಕಡಸು ಬೆದೆಗೆ ಬಂದಿತ್ತು. ಎದುರು ಮನೆ ಹನುಮಯ್ಯನ ಹತ್ತಿರ ಒಂದು ಸೀಮೆ ಹೋರಿ ಇದೆ, ಕೆಂದ ಹಸುವಿಗೆ ಆ ಸಲ ಕೊಡಿಸಿದ್ದೂ ಅದನ್ನೇ. ಅವನು ಧಾರಾಳಿ, ಬೀದಿಯಲ್ಲಿ ನಿಂತೇ ಕೂಗಿದ: "ಅಕ್ಕಯ್ಯ, ಕಾಸು ಗೀಸು ಬ್ಯಾಡ, ಕಡಸನ್ನ ಇತ್ಲಾಗೆ ಹೊಡಕೊಂಡ್ ಬರೇಳಿ ನಲ್ಲಪ್ಪಂಗೆ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಂಗೆ ಬುದ್ಧಿ ನೆಟ್ಟಗಿದೆಯೇನಯ್ಯಾ? ಆ ಕಡಸು ಹುಟ್ಟಿದ್ದೇ ನಿನ್ನ ಹೋರಿಗೆ. ಒಂದೇ ರಕ್ತ ಅಲ್ವೇನೋ? ಕರು ಕುಂಟೋ ಕುರುಡೋ ಆದ್ರೆ ನೀನು ಸಾಕ್ತೀಯಾ?" ಎಂದು ನಾಲ್ಕು ಮನೆಗೆ ಕೇಳುವ ಹಾಗೆ ಬೈದೆ. ಹನುಮಯ್ಯ ತಲೆ ಕೆರೆದುಕೊಂಡ. ಅವನ ಹೆಂಡತಿ ಮುನಿಯಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಿನಗೆ ಗೊತ್ತಲ್ಲ ಅವಳ ಬಾಯಿ. ತಲೆ ಎತ್ತದೆ, "ಅಂಗಾದ್ರೆ ದನಕ್ಕೊಂದು ನ್ಯಾಯ, ಮನುಸ್ರಿಗೊಂದು ನ್ಯಾಯಾನಾ ಅಕ್ಕಯ್ಯ? ಮೊಮ್ಮಗಳನ್ನ ಮಗಂಗೇ ತತ್ತೀನಿ ಅಂತ ಕೂತಿದ್ದೀರಲ್ಲ ನೀವು" ಎಂದಳು. ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡಿದ್ದ ಹೆಂಗಸರು ನಕ್ಕರು. ನಾನು ಸುಮ್ಮನಿರುವವಳೇ? "ದನಕ್ಕೆ ಮಾನ ಮರ್ಯಾದೆ ಇದೆಯೇನೇ? ಹೊಲ ಮನೆ ಇದೆಯೇನೇ?" ಎಂದೆ. "ಇಲ್ಲ ಬಿಡಿ, ಅದಕ್ಕೇ ಅದ್ರ ಕರ ನೆಟ್ಟಗೆ ಹುಟ್ತವೆ" ಎಂದಳು ಮುನಿಯಕ್ಕ.

ನಾನು ಒಳಗೆ ಬಂದೆ. ಹಿಂದೆಯೇ ನಲ್ಲಪ್ಪ ಬಂದ. ಹೆಂಗಸರು ನಕ್ಕದ್ದನ್ನು ನೋಡಿದ್ದ, ಏಕೆ ನಕ್ಕರೆಂದು ಕೈಯಲ್ಲಿ ಕೇಳಿದ. ಅವನಿಗೆ ಹೇಳಲಾಗದ ಮಾತು ನನ್ನ ಕೈಗೆ ಇದುವರೆಗೆ ಇರಲಿಲ್ಲ, ಬಸ್ಸಿನ ವಿಷಯದಿಂದ ದೇವರ ವಿಷಯದವರೆಗೆ ಎಲ್ಲ ಹೇಳಿದ್ದೇನೆ. ಅಂದು ಕೈ ಏಳಲಿಲ್ಲ. ಏನೂ ಇಲ್ಲ ಎಂದೆ. ಅವನು ನಂಬಲಿಲ್ಲ. ಕೊಟ್ಟಿಗೆಯ ಕಡೆ ತೋರಿಸಿದ, ಹನುಮಯ್ಯನ ಹೋರಿಯ ಕಡೆ ತೋರಿಸಿದ. ಆಮೇಲೆ ಮೂಗಿನ ಎಡಗಡೆ ಬೆರಳಿಟ್ಟ. ಅನುಸೂಯಳಿಗೆ ಮೂಗು ಚುಚ್ಚಿಸಿದಾಗ ಅವಳು ಅತ್ತದ್ದು ನೋಡಿ, ಅಂದಿನಿಂದ ಅವಳ ಹೆಸರಿಗೆ ಅವನು ಮಾಡಿಕೊಂಡ ಗುರುತು ಅದು. ಆಮೇಲೆ ಶ್ಯಾಮಣ್ಣನ ಗುರುತು. ಆಮೇಲೆ ಎರಡು ಕೈಯನ್ನೂ ತೊಟ್ಟಿಲ ಹಾಗೆ ಮಾಡಿ ತೂಗಿದ. ಕೊನೆಗೆ ತನ್ನ ಕಿವಿಯನ್ನು ಮುಟ್ಟಿಕೊಂಡು, ಬೇಡ ಎಂದು ತಲೆ ಆಡಿಸಿದ.

ವಸಂತ, ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿಲ್ಲ, ಶ್ಯಾಮಣ್ಣನನ್ನು ಕೇಳಿದೆ, ಅವನೂ ಹೇಳಿಲ್ಲ. ಅಂದು ನಿಮ್ಮ ಅಂಗಳದಲ್ಲಿ ನೀನು ಆಡಿದ ಮಾತು ಅವನಿಗೆ ಕೇಳಿಸಲಿಲ್ಲ, ಕೇಳಿಸದ್ದು ಪುಣ್ಯ ಎಂದು ನಾನು ನಾಲ್ಕು ವರ್ಷ ಅಂದುಕೊಂಡಿದ್ದೆ. ಆದರೆ ಕೈ ಕಾಣಿಸಿತ್ತು. ಅಕ್ಕ ತನ್ನ ಕಡೆ ಕೈ ತೋರಿಸಿದ್ದು, ಅಮ್ಮ ಉಣ್ಣದೆ ಎದ್ದದ್ದು, ಆ ಮೇಲೆ ಮನೆಯಲ್ಲಿ ಅಕ್ಕನ ಗುರುತನ್ನು ಯಾರೂ ಮಾಡದೆ ಹೋದದ್ದು, ಇಷ್ಟನ್ನೂ ಇಟ್ಟುಕೊಂಡು ಅವನೊಬ್ಬನೇ ಲೆಕ್ಕ ಹಾಕಿ ಮುಗಿಸಿದ್ದಾನೆ. ನರಸಪ್ಪನವರ ಬುದ್ಧಿ ನಿನಗೆ ಮಾತ್ರ ಬಂತು ಎಂದುಕೊಳ್ಳಬೇಡ.

ನನ್ನ ಕಷ್ಟ ಏನಾಗಿತ್ತೆಂದು ನಿನಗೆ ತಿಳಿದಿರಲಾರದು. ನಿನ್ನ ಮಾತು ಸರಿ ಎಂದು ನಾನು ಒಪ್ಪಿದರೆ, ನಲ್ಲಪ್ಪ ಹುಟ್ಟಬಾರದಿತ್ತು ಎಂದು ಒಪ್ಪಿದ ಹಾಗೆ ಎಂದು ನನಗೆ ಅನ್ನಿಸಿತ್ತು. ಯಾವ ತಾಯಿ ಹಾಗೆ ತೀರ್ಪು ಕೊಡುತ್ತಾಳೆ? ಅದಕ್ಕೇ ಎಷ್ಟೇ ನೆಟ್ಟಗಿನ ಮಾತನ್ನು ತಂದು ಮುಂದಿಟ್ಟರೂ ನನ್ನ ಬುದ್ಧಿ ಅದರ ಹತ್ತಿರಕ್ಕೆ ಹೋಗಿ ಹೆದರಿದ ಎತ್ತಿನ ಹಾಗೆ ಹಿಂದಕ್ಕೆ ಬರುತ್ತಿತ್ತು. ಈಗ ಅವನೇ ನಿಂತು ಬೇಡ ಎಂದ. ಅವನು ತನ್ನನ್ನು ಬೇಡ ಎನ್ನಲಿಲ್ಲ. ಹುಟ್ಟದೆ ಇರುವ ಒಂದು ಮಗುವಿನ ಪರವಾಗಿ ಮಾತಾಡಿದ. ಇವೆರಡೂ ಬೇರೆ ಬೇರೆ ಎಂಬುದು ನನಗೆ ಹೊಳೆದದ್ದು ಆವಾಗ.

ನನ್ನ ತಂದೆಯದು ಒಂದು ಕ್ರಮವಿತ್ತು. ಎರಡು ಕಡೆಯವರೂ ಕೂಗಾಡಿ ಮುಗಿಸಿದ ಮೇಲೆ, "ಈಗ ನೀನು ಅವನ ಪರವಾಗಿ ಮಾತಾಡು, ಅವನು ನಿನ್ನ ಪರವಾಗಿ ಆಡ್ಲಿ" ಎನ್ನುತ್ತಿದ್ದರು. ಎದುರಾಳಿಯ ಮಾತನ್ನು ತನ್ನ ಬಾಯಲ್ಲಿ ಚೆನ್ನಾಗಿ ಹೇಳಲು ಬಾರದವನ ದೂರನ್ನು ತಳ್ಳಿಹಾಕುತ್ತಿದ್ದರು. ನಾನೂ ನನ್ನ ಜಗಲಿಯಲ್ಲಿ ಎಷ್ಟೋ ಸಲ ಹಾಗೆ ಮಾಡಿಸಿದ್ದೇನೆ. ನಿನ್ನ ವಿಷಯದಲ್ಲಿ ಮಾತ್ರ ಮಾಡಿರಲಿಲ್ಲ. ಮಾರನೆಯ ದಿನ ಇಬ್ಬರು ಮಕ್ಕಳೂ ಹೊರಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಕೂತು ನಿನ್ನ ಪರವಾಗಿ ಮಾತಾಡಿದೆ. ಬೆಕ್ಕು ಸಾಕ್ಷಿ.

ಮೊದಲು ನನ್ನ ಕಾರಣಗಳನ್ನು ತೆಗೆದುಕೊಂಡೆ. ಉಳಿದ ಹೊಲ ಒಡೆಯುವುದಿಲ್ಲ. ಗೊತ್ತಿರುವ ಹುಡುಗಿ, ಅವಳ ಗುಣ ದೋಷ ತಿಳಿದದ್ದು. ಹೊರಗಿನವಳು ನಲ್ಲಪ್ಪನನ್ನು ಮೂಗ ಎಂದು ಹೀನಾಯ ಮಾಡಬಹುದು, ಅನುಸೂಯ ಮಾಡುವುದಿಲ್ಲ. ಒಂದೊಂದೂ ಒಳ್ಳೆಯ ಕಾರಣವೇ. ಆದರೆ ಒಂದೊಂದು ಕಾರಣವನ್ನೂ "ನೀನು ಯಾವಾಗ ಬಂದೆ" ಎಂದು ಕೇಳಿದರೆ, ಎಲ್ಲವೂ ನಾನು ನಿರ್ಧಾರ ಮಾಡಿದ ಮೇಲೆ ಬಂದವೇ. ಮೊದಲು ತೀರ್ಪು ಬರೆದು ಆಮೇಲೆ ಸಾಕ್ಷಿಗಳನ್ನು ಕರೆಸಿದ್ದೆ. ಅಂಥ ಪಂಚಾಯ್ತಿಯಿಂದ ನನ್ನ ತಂದೆ ಎದ್ದು ಹೋಗುತ್ತಿದ್ದರು.

ಆಮೇಲೆ, ಒಳಸಂಬಂಧದ ಮನೆಗಳಲ್ಲಿ ಮಕ್ಕಳು ಚೆನ್ನಾಗಿಯೇ ಇವೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆನಲ್ಲ, ಅದನ್ನು ನೋಡಿದೆ. ನಾನು ಎಣಿಸಿದ್ದು ಜಗಲಿಗೆ ಬಂದು ಓಡಾಡುವ ಮಕ್ಕಳನ್ನು. ಒಳಮನೆಯಲ್ಲಿ ಇಟ್ಟವರನ್ನು ಎಣಿಸಿರಲಿಲ್ಲ. ಕೆರೆ ಬೀದಿಯ ಚಿಕ್ಕಮುನಿಯಮ್ಮ ತನ್ನ ಮೊಮ್ಮಗನನ್ನು ಬೆಳಕಿಗೆ ತರುವುದಿಲ್ಲ, ಆ ಮಗುವಿನ ಕಣ್ಣು ಹಗಲನ್ನು ತಡೆಯುವುದಿಲ್ಲ. ನಾನೇ ಹೋಗಿ ತೊಟ್ಟಿಲಲ್ಲಿ ಹಾಕಿ ಬಂದ ಮಗು ಅದು, ಆದರೂ ಎಣಿಸುವಾಗ ನೆನಪಾಗಲಿಲ್ಲ. ಮರೆತದ್ದಲ್ಲ ವಸಂತ, ಬೇಕಾಗಿರಲಿಲ್ಲ. ಹೊರಗಿನ ಸಂಬಂಧದ ಮನೆಗಳಲ್ಲೂ ಅಂಥ ಮಕ್ಕಳು ಹುಟ್ಟಿವೆ, ಅದನ್ನೂ ಹೇಳುತ್ತೇನೆ. ಒಳಸಂಬಂಧ ಬೇಡವೆಂದು ನಿನಗೆ ಹೇಳಿಕೊಟ್ಟ ಆ ಆನೇಕಲ್ಲಿನ ಲೇಡಿ ಡಾಕ್ಟರು ಹೇಳಿದ್ದೆಲ್ಲ ವೇದವಲ್ಲ. ಆದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ನೋಡಲು ಡಾಕ್ಟರು ಬೇಕಾಗಿಲ್ಲ.

ಕೊನೆಗೆ ಉಳಿದ ಪ್ರಶ್ನೆ ಒಂದೇ. ಕಾರಣಗಳೆಲ್ಲ ಆಮೇಲೆ ಬಂದವಾದರೆ ಮೊದಲು ಬಂದದ್ದು ಏನು? ನಿನ್ನ ಪರವಾಗಿ ನಾನೇ ಕೇಳಿದೆ, ನಾನೇ ಉತ್ತರ ಹೇಳಬೇಕಾಯಿತು. ಮಗಳನ್ನು ಇಲ್ಲಿ ಕೊಟ್ಟರೆ ನೀನು ಬಂದು ಹೋಗುತ್ತೀಯ. ಬಸಿರು ಬಾಣಂತನಕ್ಕೆ ಬಂದು ಇರುತ್ತೀಯ. ನೀನು ಇಲ್ಲದಾಗಲೂ ಅಡಿಗೆಮನೆಯಲ್ಲಿ ನಿನ್ನ ಧ್ವನಿಯಲ್ಲಿ ಯಾರೋ ಒಬ್ಬರು ನನ್ನ ಜೊತೆ ಜಗಳವಾಡುತ್ತಾರೆ. ಇಷ್ಟೇ. ನನ್ನನ್ನು ತನ್ನ ತಮ್ಮನಿಗೆ ಕೊಟ್ಟಾಗ ನನ್ನ ತಾಯಿಗೂ ಇದೇ ಆಗಿತ್ತು, ತವರಿನ ಬಾಗಿಲು ಮುಚ್ಚಬಾರದೆಂದು. ಅಷ್ಟು ನ್ಯಾಯ ತಿಳಿದ ನನ್ನ ತಂದೆ ಅವಳ ಅಳುವಿನ ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬುದ್ಧಿ ತಂದೆಯಿಂದ ಬಂತು ಎಂದು ಬೀಗುತ್ತಿದ್ದೆ. ತಾಯಿಯಿಂದ ಬಂದದ್ದು ಅದರ ಕಿವಿ ಹಿಡಿದು ನಡೆಸುತ್ತಿತ್ತು. ಹಾಗೆಂದು ನನ್ನ ಮದುವೆಯನ್ನು ನಾನು ತಪ್ಪು ಎನ್ನುವುದಿಲ್ಲ, ನೀನೂ ಅನ್ನಬೇಡ. ನಿಮ್ಮ ಅಪ್ಪನಂಥ ಗಂಡಸು ಈ ಹೋಬಳಿಯಲ್ಲಿ ಇರಲಿಲ್ಲ.

ಶ್ಯಾಮಣ್ಣನನ್ನು ಕೂರಿಸಿಕೊಂಡು ಅವನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿದೆ. ಅವನು ನಕ್ಕುಬಿಟ್ಟ. "ಕೇಳ್ತಿದ್ದೀಯಾ ಅಮ್ಮ? ಮೂವತ್ತು ವರ್ಷಕ್ಕೆ ಇದೇ ಮೊದ್ಲು ಕಣಮ್ಮ ನೀನು ನನ್ನ ಕೇಳಿದ್ದು." ಆಮೇಲೆ ನಗು ನಿಲ್ಲಿಸಿ, "ಆ ಮಗೂಗೆ ಗೋಲಿಸೋಡ ಕೊಡಿಸಿ, ಮೂಗು ಒರೆಸಿ, ಹೆಗಲ ಮೇಲೆ ಹೊತ್ತು ತಿರುಗಿಸ್ದೋನು ನಾನು. ಅವಳನ್ನ ಹೆಂಡ್ತಿ ಅಂತ ಹೆಂಗೆ ನೋಡ್ಲಿ? ನೀನು ನೊಂದ್ಕೋತೀಯ ಅಂತ ಸುಮ್ನಿದ್ದೆ" ಎಂದ. ನಿಮ್ಮ ಅಪ್ಪನೂ ಹೀಗೆಯೇ. ನಾನು ನೊಂದುಕೊಳ್ಳುತ್ತೇನೆಂದು ಎಷ್ಟು ವಿಷಯಕ್ಕೆ ಸುಮ್ಮನಿದ್ದರೋ ದೇವರಿಗೇ ಗೊತ್ತು. ಮನೆ ತುಂಬ ನನಗೆ ಹೆದರಿ ಸುಮ್ಮನಿದ್ದವರು. ಎದುರು ಮಾತಾಡಿದವಳು ನೀನೊಬ್ಬಳು, ನೀನು ಆನೇಕಲ್ ಕಡೆ ಇದ್ದೀಯ.

ಇಷ್ಟು ಬರೆದದ್ದಕ್ಕೆ ಎಲ್ಲ ನಿನ್ನದೇ ಸರಿ ಎಂದು ತಿಳಿಯಬೇಡ. ನಿನ್ನ ವಾದ ಸರಿ, ನಿನ್ನ ಕೈ ತಪ್ಪು. ನಲ್ಲಪ್ಪ ಯಾವುದಕ್ಕೂ ಉದಾಹರಣೆಯಾಗಿ ಹುಟ್ಟಿದವನಲ್ಲ. ಆ ಕೈಗೆ ನೀನು ಅವನಿಗೆ ಉತ್ತರ ಕೊಡಬೇಕು, ನನಗಲ್ಲ, ಅದೂ ಎದುರಿಗೆ ನಿಂತು. ಕಾಗದದಲ್ಲಿ ಬರೆದರೆ ಅವನಿಗೆ ಆಗುವುದಿಲ್ಲ, ಅವನು ಓದುವುದು ಮುಖವನ್ನು.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಅನುಸೂಯಳ ತಲೆಗೆ ವಾರಕ್ಕೊಮ್ಮೆ ಹರಳೆಣ್ಣೆ ಹಾಕು, ಅವಳದು ನನ್ನ ಕೂದಲು, ಒಣಗಿದರೆ ಉದುರುತ್ತದೆ. ನಿನ್ನ ಮನೆಯಲ್ಲಿ ಸೊಪ್ಪು, ನೀರು, ಕಾಳು ಯಾವುದಕ್ಕೂ ಕಡಿಮೆಯಾಗದಿರಲಿ. ನಿನಗೆ ಸಿಟ್ಟು ಬಂದಾಗ ಉಂಡು ಆಮೇಲೆ ಸಿಟ್ಟಾಗು, ನನ್ನ ಹಾಗೆ ಎಲೆ ಬಿಟ್ಟು ಏಳಬೇಡ.

ನಿನ್ನ ತಾಯಿ,
ಅಶ್ವತ್ಥಮ್ಮ

ವಿ. ಸೂ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ಸೋಮವಾರ ಊರಿನ ಹಿರಿಯರನ್ನು ಕರೆಸಿ, ಅವರ ಮುಂದೆ ವೀಳ್ಯ ಇಟ್ಟು, ಅನುಸೂಯಳ ಮೇಲೆ ನಮ್ಮ ಮನೆಗೆ ಯಾವ ಹಕ್ಕೂ ಇಲ್ಲ, ಅವಳ ತಾಯಿ ತಂದೆ ಇಷ್ಟ ಬಂದ ಕಡೆ ಕೊಡಬಹುದು ಎಂದು ಹೇಳಿದ್ದೇನೆ. ನಿಮ್ಮ ಅಪ್ಪನ ಕಡೆಯವರು ಮುಖ ತಿರುಗಿಸಿಕೊಂಡು ಹೋದರು, ಹೋಗಲಿ. ಅಲ್ಲಿಂದಲೇ ಮಕ್ಕಳಿಬ್ಬರನ್ನೂ ಕರೆದುಕೊಂಡು ಲಗ್ಗೆರೆಗೆ ಹೋಗಿ, ಪಾಪಯ್ಯನವರ ಎರಡನೇ ಮಗಳು ನಾಗಲಕ್ಷ್ಮಿಯನ್ನು ಶ್ಯಾಮಣ್ಣನಿಗೆ ಗೊತ್ತು ಮಾಡಿದೆ. ಎಷ್ಟು ತಲೆ ಹಿಂದೆ ಹೋಗಿ ಕೇಳಿದರೂ ನಮಗೂ ಅವರಿಗೂ ರಕ್ತ ತಗುಲುವುದಿಲ್ಲ. ಮದುವೆ ಮಾಘದಲ್ಲಿ. ಕಳಸ ಹಿಡಿಯುವುದು ಗಂಡಿನ ಅಕ್ಕನ ಹಕ್ಕು. ಬರುವುದು ಬಿಡುವುದು ನಿನಗೆ ಸೇರಿದ್ದು. ಹುಡುಗಿ ಒಳ್ಳೆಯವಳು, ನಲ್ಲಪ್ಪನನ್ನು ನೋಡಿ ಎದ್ದು ನಿಂತು ಕೈ ಮುಗಿದಳು. ಮಾತು ಮಾತ್ರ ಬಹಳ ಕಡಿಮೆ ಎಂದು ಅವರ ತಾಯಿ ಹೇಳಿದರು. ಇರಲಿ, ತಾಂಬೂಲ ಬದಲಾಯಿಸಿ ಆಯಿತು.